ಹೊಡೆದ ಕೈ

ಅವನು ಅಪ್ಪನಿಗೆ ಹೊಡೆದದ್ದು ಒಂದು ಸೋಮವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ. ಸೋಮವಾರ ಅವನ ಕಟಿಂಗ್ ಶಾಪಿಗೆ ರಜೆ. ಹೆಂಡತಿ ಆಸ್ಪತ್ರೆಯ ಲಾಂಡ್ರಿಗೆ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಇದ್ದದ್ದು ಅಪ್ಪ ಮಗ ಇಬ್ಬರೇ.

ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ಈಗ ಎಂಬತ್ತರ ಹತ್ತಿರ. ಮೂರು ವರ್ಷಗಳಿಂದ ಮರೆವು ಅವರನ್ನು ಚೂರು ಚೂರಾಗಿ ತಿನ್ನುತ್ತಾ ಬಂದಿತ್ತು. ಮೊದಲು ಬೀದಿಗಳ ಹೆಸರು ಹೋದವು, ಆಮೇಲೆ ಮನುಷ್ಯರ ಹೆಸರು, ಆಮೇಲೆ ಮನುಷ್ಯರೇ. ಮಗ ಕೆಲವು ದಿನ ಮಗನಾಗಿರುತ್ತಿದ್ದ, ಕೆಲವು ದಿನ ಕಂಡಕ್ಟರ್. ಕಂಡಕ್ಟರ್ ಆದ ದಿನ ಅವನು ಸೀಟಿ ಊದದೆ ಅಪ್ಪ ಕುರ್ಚಿಯಿಂದ ಏಳುತ್ತಿರಲಿಲ್ಲ. ಅದನ್ನೆಲ್ಲ ಅವನು ನಗುತ್ತಲೇ ಮಾಡುತ್ತಿದ್ದ. ಒಂದು ಸೀಟಿಯನ್ನು ಕೊಂಡು ತಂದು ಗೂಟಕ್ಕೆ ನೇತುಹಾಕಿದ್ದ ಕೂಡ.

ಆ ಸೋಮವಾರ ಮಾತ್ರ ಬೆಳಗಿನಿಂದಲೇ ಯಾವುದೂ ಸರಿಹೋಗಲಿಲ್ಲ. ಬಸ್ಸಿನ ಕೀಲಿ ಎಲ್ಲಿ ಎಂದು ಅಪ್ಪ ನಲವತ್ತು ಸಲ ಕೇಳಿದರು. ಬಚ್ಚಲ ನಲ್ಲಿ ತಿರುಗಿಸಿ ಬಿಟ್ಟು ನಡುಮನೆಯವರೆಗೆ ನೀರು ಹರಿಸಿದರು. ಹಾಕಿದ ಎರಡು ಅಂಗಿಗಳನ್ನೂ ತೋಯಿಸಿಕೊಂಡರು. ನೆಲ ಒರೆಸಿ, ಬೆನ್ನು ನೆಟ್ಟಗೆ ಮಾಡಿ, ಅವನು ಹಾಲು ಬಿಸಿ ಮಾಡಿ ತಂದು ಕೊಟ್ಟ. ಅಪ್ಪ ಲೋಟದೊಳಗೆ ಇಣುಕಿ, "ಇದ್ರಲ್ಲಿ ಏನೋ ಬೆರೆಸಿದ್ದೀಯ" ಎಂದು ಅವನ ಕಡೆಗೇ ಎಸೆದರು. ಬಿಸಿ ಹಾಲು ಅವನ ಎಡಗೈ ಮೇಲೆ ಬಿತ್ತು. ಬಲಗೈ ಮೇಲೆದ್ದು ಅಪ್ಪನ ಕೆನ್ನೆಗೆ ಬಡಿಯಿತು.

ಯೋಚಿಸದೆ ಹೊಡೆದ ಎಂದರೆ ಸುಳ್ಳಾಗುತ್ತದೆ. ಯೋಚನೆ ಇತ್ತು. ಕಣ್ಣು ಮಿಟುಕಿಸುವಷ್ಟು ಚಿಕ್ಕದು, ಆದರೆ ಇತ್ತು. ಆಮೇಲೆ ಅವನನ್ನು ಕಿತ್ತು ತಿಂದದ್ದು ಅದೇ.

ಅಪ್ಪ ಕೂಗಲಿಲ್ಲ. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ ಭುಜ ಕುಗ್ಗಿಸಿ ಕೂತರು. ಅವನು ನಿಂತಲ್ಲೇ ನಿಂತ. ಕಿವಿಯಲ್ಲಿ ಆ ಸದ್ದೊಂದೇ ಉಳಿದಿತ್ತು. ಹತ್ತು ನಿಮಿಷ ಕಳೆದಿರಬಹುದು, ಅಪ್ಪ ತಲೆ ಎತ್ತಿ ಅವನ ಮಣಿಕಟ್ಟು ನೋಡಿದರು.

"ಅಯ್ಯೋ, ಕೈ ಸುಟ್ಕೊಂಡ್ಯಾ ಮರಿ? ಬಾ, ತಣ್ಣೀರಲ್ಲಿ ಹಿಡಿ."

ತಾವೇ ಎದ್ದು, ಅವನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ನೀರಿನ ಕೆಳಗೆ ಅವನ ಕೈ ಹಿಡಿದು ನಿಂತರು. ಅವರ ಎಡಗೆನ್ನೆಯ ಮೇಲೆ ಮೂರು ಬೆರಳು ಎದ್ದು ಕಾಣುತ್ತಿದ್ದವು.

ಸಂಜೆ ಹೆಂಡತಿ ಬಂದವಳು ಅದನ್ನು ಕಂಡು ಏನಾಯಿತೆಂದು ಕೇಳಿದಳು. ಬಚ್ಚಲ ಬಾಗಿಲು ತಾಗಿತು ಎಂದ. ಅವಳು ನಂಬಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಅವಳಿಗೆ ದೊಡ್ಡ ಸುಳ್ಳು ಹೇಳಿದ್ದಿಲ್ಲ, ನಂಬದೆ ಏನು ಮಾಡಿಯಾಳು? ಪಾಪ ಮಾವ, ಎನ್ನುತ್ತಾ ಮುಲಾಮು ಸವರಿದಳು. ಬಾಗಿಲಿನ ಅಂಚಿಗೆ ಒಂದು ಹಳೆ ಟವೆಲ್ ಸುತ್ತಿ ಹಗ್ಗದಿಂದ ಬಿಗಿದಳು. ಅಂದಿನಿಂದ ಬಚ್ಚಲಿಗೆ ಹೋದಾಗಲೆಲ್ಲ ಆ ಟವೆಲ್ ಅವನ ಭುಜಕ್ಕೆ ತಾಗುತ್ತಿತ್ತು.

ಮರುದಿನ ಅಂಗಡಿಗೆ ಹೋದ. ಅಲ್ಲಿ ಎರಡು ಕುರ್ಚಿ. ಒಂದು ಅವನದು, ಇನ್ನೊಂದು ಪಾಲುದಾರನದು. ಪಾಲುದಾರ ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ, ಹಾಗಾಗಿ ಉದ್ದಣ್ಣ ಎಂದೇ ಎಲ್ಲರಿಗೂ ಗೊತ್ತು. ಉದ್ದಣ್ಣನ ಬಂಡವಾಳ ಬಾಯಿ, ಇವನದು ಕೈ. ನಿದ್ದೆ ಮಾಡುವ ಮಗುವಿನ ಕೂದಲನ್ನೂ ಎಚ್ಚರವಾಗದ ಹಾಗೆ ಕತ್ತರಿಸುತ್ತಾನೆ ಎಂದು ಹೆಸರು. ಕಾಯಿಲೆಯವರಿಗೆ, ಹಾಸಿಗೆ ಹಿಡಿದವರಿಗೆ ಮನೆಗೇ ಹೋಗಿ ಗಡ್ಡ ತೆಗೆದು ಬರುತ್ತಿದ್ದ.

ಆ ದಿನದ ಎರಡನೆಯ ಗಿರಾಕಿ ನಿವೃತ್ತ ಹೆಡ್‌ಮೇಷ್ಟರು. ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ, ಕತ್ತು ಹಿಂದೆ ಚೆಲ್ಲಿ, "ನಿನ್ನ ಕೈ ಅಂದ್ರೆ ಬೆಣ್ಣೆ ಕಣಯ್ಯಾ. ನಿಮ್ಮಪ್ಪ ಪುಣ್ಯವಂತ" ಎಂದರು.

ಅವನು ಕತ್ತಿಯನ್ನು ಕೆಳಗಿಟ್ಟು, ಅರ್ಧ ನೊರೆ ಅರ್ಧ ಗಡ್ಡದ ಮೇಷ್ಟರನ್ನು ಹಾಗೇ ಬಿಟ್ಟು ಹಿಂದಿನ ಬಾಗಿಲಿಂದ ಹೊರಗೆ ಹೋದ. ಉದ್ದಣ್ಣ ಏನೋ ತಮಾಷೆ ಮಾಡಿ ಉಳಿದರ್ಧ ಮುಗಿಸಿದ.

ಅಲ್ಲಿಂದ ಶುರುವಾಯಿತು ಚಡಪಡಿಕೆ. ಕೂತರೆ ಕುರ್ಚಿಯಲ್ಲಿ ಮುಳ್ಳು, ನಿಂತರೆ ಕಾಲಿಗೆ ಚಕ್ರ. ಗಿರಾಕಿ ಇಲ್ಲದಾಗ ಬಾಚಣಿಗೆಗಳನ್ನು ತೊಳೆದ. ತೊಳೆದವನ್ನು ಮತ್ತೆ ತೊಳೆದ. ಗುಡಿಸಿದ ನೆಲ ಗುಡಿಸಿದ. ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದ. ಇನ್ನೊಂದು ಸಲ ಹೋದ. ಕನ್ನಡಿಗಳ ನಡುವೆ ಹೊಟ್ಟೆ ಹೊರೆಯುವವನಿಗೆ ತನ್ನ ಮುಖ ತಪ್ಪಿಸುವುದು ಸುಲಭವಲ್ಲ. ಮುಂದೆ ಒಂದು, ಹಿಂದೆ ಒಂದು, ಎರಡರ ಒಳಗೂ ಅವನೇ. ಗಿರಾಕಿಯ ತಲೆಯನ್ನಷ್ಟೇ ನೋಡುತ್ತಾ ಕೆಲಸ ಮಾಡುವುದನ್ನು ಕಲಿತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರಾದರೂ 'ಕೈ' ಎಂದರೆ ಸಾಕು, ಇವನ ಬಲಗೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಕ್ಷಮೆ ಕೇಳಲಿಲ್ಲವೆಂದಲ್ಲ. ಕೇಳಿದ, ಅಪ್ಪನ ಮುಂದೆ ಮಂಡಿಯೂರಿ. ಅಪ್ಪ ಗಾಬರಿಯಿಂದ ಅವನ ಗಲ್ಲ ಹಿಡಿದು, "ಯಾರು ಹೊಡೆದ್ರು ನಿಂಗೆ? ತೋರ್ಸು. ಬಸ್ಸು ನಿಲ್ಲಿಸಿ ವಿಚಾರಿಸ್ತೀನಿ" ಎಂದರು. ಎರಡನೆಯ ಸಲ ಕೇಳಿದಾಗ ಮುಂದಿನ ಸ್ಟಾಪಿನಲ್ಲಿ ಇಳಿಸುತ್ತೇನೆ, ಅಳಬೇಡ ಎಂದರು. ಮೂರನೆಯ ಸಲಕ್ಕೆ ನಿದ್ದೆ ಹೋಗಿದ್ದರು. ಪೆಟ್ಟು ತಿಂದವರಿಗೇ ಪೆಟ್ಟು ಗೊತ್ತಿಲ್ಲ. ನೋಡಿದವರು ಯಾರೂ ಇಲ್ಲ. ಇನ್ನು ಕ್ಷಮಿಸಬೇಕಾದವರು ಯಾರು? ಅವನ ಕೈಯಲ್ಲಿದ್ದ ತಪ್ಪನ್ನು ತೆಗೆದುಕೊಳ್ಳುವವರೇ ಇರಲಿಲ್ಲ.

ಹಾಗಾಗಿ ತನಗೆ ತಾನೇ ಶಿಕ್ಷೆ ಹಾಕಿಕೊಂಡ. ಅಪ್ಪನ ಕೆಲಸವೆಲ್ಲ ಇನ್ನು ಮೇಲೆ ತನ್ನದೇ. ಸ್ನಾನ, ಊಟ, ಬಟ್ಟೆ, ಹಾಸಿಗೆ, ಎಲ್ಲ. ಹೆಂಡತಿ ಕೈ ಹಾಕಲು ಬಂದರೆ ಸಿಡುಕಿ ಕಳಿಸಿದ. ಊರಿನ ಆ ತುದಿಯಲ್ಲಿ ಅಕ್ಕ ಇದ್ದಳು, ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ನಡೆಸುವವಳು. ವಾರಕ್ಕೆ ಎರಡು ದಿನ ಅಪ್ಪನನ್ನು ಕಳಿಸು ಎಂದು ಅವಳು ಮೂರು ಸಲ ಫೋನು ಮಾಡಿದಳು. ಮೂರು ಸಲವೂ ಬೇಡವೆಂದ. ಮಧ್ಯಾಹ್ನ ಅಂಗಡಿಯಿಂದ ಓಡಿ ಬಂದು ಅಪ್ಪನಿಗೆ ಉಣಿಸಿ, ತಾನು ಉಣ್ಣದೆ ಓಡಿ ಹೋದ. ಅಪ್ಪನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗಿದ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಹೊಸ ತೂತು ಹಾಕಿಸಿದ.

ಬೀದಿಯ ಜನ ಕಂಡು ಮೆಚ್ಚಿದರು. ಇಂಥ ಮಗ ಲಕ್ಷಕ್ಕೊಬ್ಬ ಎಂದರು. ಕೆಳಗಿನ ಮನೆಯ ಟೀಚರ್ ತನ್ನ ಮಗನನ್ನು ಇವನ ಮುಂದೆ ನಿಲ್ಲಿಸಿ, ನೋಡಿ ಕಲಿತುಕೋ ಎಂದಳು. ಒಂದೊಂದು ಹೊಗಳಿಕೆಯೂ ಗಾಯಕ್ಕೆ ಉಪ್ಪು ಸವರಿದ ಹಾಗೆ. ಥೂ, ನೀನು ಮನುಷ್ಯನೇ ಅಲ್ಲ ಎಂದು ಒಳಗಿನಿಂದ ಯಾರೋ ದಿನವಿಡೀ ಉಗಿಯುತ್ತಿದ್ದರು. ಆ ಉಗಿತ ನ್ಯಾಯವಾದದ್ದು, ಅದನ್ನು ತಿಂದಷ್ಟೂ ತಾನು ಶುದ್ಧನಾಗುತ್ತೇನೆ, ಎಂದು ಅವನು ತಿಳಿದಿದ್ದ.

ನಾಲ್ಕನೆಯ ವಾರದ ಬುಧವಾರ ಅಂಗಡಿಗೆ ಕಾಲೇಜಿನ ಹುಡುಗಿಯೊಬ್ಬಳು ಬಂದಳು. ತಲೆಗೆ ಸ್ಕಾರ್ಫ್ ಬಿಗಿದಿದ್ದಳು, ಬಿಚ್ಚಲು ಒಪ್ಪಲಿಲ್ಲ. ಜನ ಹೋಗಲಿ ಎಂದಳು. ಜನ ಹೋದ ಮೇಲೆ ಬಿಚ್ಚಿದಳು. ಯಾವುದೋ ಸಿಟ್ಟಿನಲ್ಲಿ ಅಡುಗೆಮನೆಯ ಕತ್ತರಿಯಿಂದ ತನ್ನ ಕೂದಲು ತಾನೇ ಕತ್ತರಿಸಿಕೊಂಡಿದ್ದಳು. ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಭುಜದವರೆಗೆ, ನೆತ್ತಿಯಲ್ಲಿ ಇಲಿ ಕಡಿದ ಹಾಗೆ. ಕನ್ನಡಿಯಲ್ಲಿ ಕಂಡದ್ದೇ ಅವಳ ಕಣ್ಣಲ್ಲಿ ನೀರು ತುಂಬಿತು. ಇಂಥ ತಲೆಗಳು ಅವನಿಗೆ ಹೊಸವಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಎಷ್ಟೋ ಬಂದಿದ್ದವು, ಟೋಪಿಯ ಕೆಳಗೆ, ಟವೆಲಿನ ಕೆಳಗೆ. ಯಾವ ದಡ್ಡರು ಮಾಡಿದ್ದು ಎಂದು ಅವನು ಒಮ್ಮೆಯೂ ಕೇಳಿದವನಲ್ಲ.

"ಆಯ್ತು, ಆಗಿದ್ದು ಆಯ್ತು," ಎಂದ ಅವನು, ಬಟ್ಟೆ ಹೊದಿಸುತ್ತಾ. "ಕೆಟ್ಟಿದೆ, ಇಲ್ಲ ಅನ್ನಲ್ಲ. ಈಗ ಇರೋದ್ರಲ್ಲಿ ಏನ್ ಮಾಡ್ಬಹುದು, ನೋಡೋಣ."

ಮುಕ್ಕಾಲು ಗಂಟೆ ಹಿಡಿಯಿತು. ಹುಡುಗಿ ಹೋಗುವಾಗ ಸ್ಕಾರ್ಫನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಉದ್ದಣ್ಣ ಅವನ ಕಡೆ ನೋಡಿ, ಒಂದು ತಿಂಗಳಿಂದ ನೀನು ಬಾಯಿಬಿಟ್ಟು ಆಡಿದ ಮೊದಲ ಒಳ್ಳೆ ಮಾತು ಕಣಯ್ಯಾ ಇದು ಎಂದ. ಅವನು ಕೇಳಿಸದವನ ಹಾಗೆ ಕೂದಲು ಗುಡಿಸಿದ.

ಮಾರನೆಯ ದಿನ ಬೆಳಿಗ್ಗೆ ಎಂಟು ಗಂಟೆ. ಹೆಂಡತಿ ಕೆಲಸಕ್ಕೆ ಹೋಗಿಯಾಗಿತ್ತು. ಅಪ್ಪನಿಗೆ ಅಂಗಿ ತೊಡಿಸುತ್ತಿದ್ದ. ಅಪ್ಪ ತೋಳೊಳಗೆ ಕೈ ತೂರಿಸಲೊಲ್ಲರು. ಕಳ್ಳ, ನನ್ನ ಸಮವಸ್ತ್ರ ಕದಿಯುತ್ತಾನೆ ಎಂದು ಕೂಗಿದರು. ಅವನು ತಾಳ್ಮೆಯಿಂದ ಇನ್ನೊಂದು ತೋಳು ಹಿಡಿದ. ಅಪ್ಪ ಬಗ್ಗಿ ಅವನ ಹೆಬ್ಬೆರಳು ಕಚ್ಚಿದರು. ಅವನ ಬಲಗೈ ಎದ್ದಿತು.

ಭುಜದ ಮಟ್ಟಕ್ಕೆ ಎದ್ದು, ಅಲ್ಲೇ ನಿಂತಿತು. ಆದರೆ ಅಷ್ಟರಲ್ಲಿ ಅಪ್ಪ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಗ್ಗಿ ಕೂತಾಗಿತ್ತು. ತಲೆ ಮರೆತದ್ದನ್ನು ಮೈ ಮರೆತಿರಲಿಲ್ಲ.

ಅವನು ಕೈ ಇಳಿಸಿದ. ಒಲೆ ಆರಿದೆಯೇ ಎಂದು ನೋಡಿದ, ಅಪ್ಪನ ಮುಂದೆ ನೀರಿನ ಲೋಟ ಇಟ್ಟ, ಹೊರಗೆ ಬಂದು ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕುಸಿದ. ಕಾಲು ಓಡು ಓಡು ಎನ್ನುತ್ತಿತ್ತು. ಬೀದಿಗೆ, ಬಸ್ ಸ್ಟ್ಯಾಂಡಿಗೆ, ಎಲ್ಲಿಗಾದರೂ. ಒಳಗಿನ ದನಿ ಉಗಿಯಲು ಶುರುಮಾಡಿತು. ನೋಡು, ಹೇಳಲಿಲ್ಲವೇ, ನೀನು ಮೃಗ, ನಿನಗೆ ಮನೆ ಯಾಕೆ, ಹೆಂಡತಿ ಯಾಕೆ.

ಅವನು ಅದನ್ನು ಮೊದಲ ಸಲ ಪೂರ್ತಿ ಕೇಳಿಸಿಕೊಂಡ. ಇಪ್ಪತ್ತನಾಲ್ಕು ದಿನದಿಂದ ಇದೇ ದನಿ, ಇದೇ ಬೈಗುಳ. ಊಟ ಬಿಡಿಸಿತು, ನಿದ್ದೆ ಬಿಡಿಸಿತು, ಅಕ್ಕನನ್ನು ದೂರವಿಟ್ಟಿತು, ಹೆಂಡತಿಯ ಮೇಲೆ ಸಿಡುಕಿಸಿತು. ಅಷ್ಟೆಲ್ಲ ಮಾಡಿ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು? ಎತ್ತಿದ ಕೈಯ ಹತ್ತಿರಕ್ಕೇ. ನಿದ್ದೆಯಿಲ್ಲದ, ಹಸಿದ, ಯಾರನ್ನೂ ಹತ್ತಿರ ಸೇರಿಸದ ಮನುಷ್ಯ ಹೊಡೆಯದೆ ಇನ್ನೇನು ಮಾಡುತ್ತಾನೆ? ಅವನ ಅಂಗಡಿಗೆ ಕೊಳಕು ಮುಖದ ಎಂಥವನೇ ಬಂದು ಕೂತರೂ ಹೀಗೆ ಮಾತಾಡಿದ್ದಿಲ್ಲ ಅವನು. ಇಲಿ ಕಡಿದ ತಲೆಗೆ ಒಂದು ಸಮಾಧಾನದ ಮಾತಿತ್ತು. ತನಗೆ ಇರಲಿಲ್ಲ.

ನಾಚಿಕೆಯಾಯಿತು, ಆದರೂ ಬಾಯಿಬಿಟ್ಟು ಹೇಳಿದ.

"ಹೊಡೆದಿದ್ದೀಯ. ಕೆಟ್ಟದ್ದೇ ಮಾಡಿದೆ, ಇಲ್ಲ ಅನ್ನಲ್ಲ. ತುಂಬಾ ದಣಿದಿದ್ದೀಯ, ಪಾಪ. ಈಗ ಏನ್ ಮಾಡ್ಬಹುದು, ನೋಡೋಣ."

'ಪಾಪ' ಎಂಬ ಮಾತು ಬರಬೇಕೆಂದು ಅವನು ಅಂದುಕೊಂಡಿರಲಿಲ್ಲ. ಅದು ಬಂದದ್ದೇ ಅಳು ಬಂತು, ಮೂಗು ಬಾಯಿ ಒಂದಾಗಿ. ಕೆಳಗಿನ ಮನೆಯ ಟೀಚರ್ ಚೀಲ ಹಿಡಿದು ಶಾಲೆಗೆ ಹೊರಟವಳು ಮೆಟ್ಟಿಲ ಬುಡದಲ್ಲಿ ನಿಂತು ನನಗೇನಾದರೂ ಹೇಳಿದಿರಾ ಎಂದು ಕೇಳಿದಳು. ಇಲ್ಲ, ನನಗೇ ಹೇಳಿಕೊಂಡೆ ಎಂದ. ಅವಳು ಇನ್ನೇನೂ ಕೇಳದೆ ಹೋದಳು.

ಅಳು ನಿಂತ ಮೇಲೆ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಒಂದ್ ವಿಷಯ ಹೇಳ್ಬೇಕು. ಮಧ್ಯ ಮಾತಾಡ್ಬೇಡ. ನಾನು ಅಪ್ಪನಿಗೆ ಹೊಡೆದೆ. ಹೋದ ತಿಂಗಳು. ಇವತ್ತು ಮತ್ತೆ ಕೈ ಎತ್ತಿದೆ, ಹೊಡೀಲಿಲ್ಲ. ನನ್ನ ಒಬ್ಬನ ಕೈಲಿ ಆಗ್ತಿಲ್ಲ."

ಆ ಕಡೆ ಯಂತ್ರದೊಳಗಿಂದ ಕಾಗದ ಹೊರಬೀಳುವ ಸದ್ದಷ್ಟೇ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

"ಎಲ್ಲಿಗೆ ಹೊಡೆದೆ?"

"ಕೆನ್ನೆಗೆ."

"ಎಷ್ಟು ಸಲ?"

"ಒಂದೇ ಸಲ."

"ಅಲ್ಲೇ ಇರು. ಬರ್ತೀನಿ."

ಅರ್ಧ ಗಂಟೆಯಲ್ಲಿ ಬಂದಳು. ಅವನ ಮುಖ ನೋಡದೆ ಒಳಗೆ ಹೋಗಿ ಅಪ್ಪನ ಕೆನ್ನೆ, ಕೈ, ಬೆನ್ನು ಎಲ್ಲ ತಡವಿ ನೋಡಿದಳು. ಅಪ್ಪ ಅವಳನ್ನು ಟಿಕೆಟ್ ಕೇಳಿದರು. ಅವಳು ಅಂಗಿ ತೊಡಿಸಿದಳು, ಈಗ ಸುಮ್ಮನೆ ತೊಡಿಸಿಕೊಂಡರು. ಆಮೇಲೆ ಅವಳು ಅಡುಗೆಮನೆಗೆ ಬಂದು ಅವನ ಎದುರು ನಿಂತಳು.

"ಸಮಾಧಾನ ಹೇಳೋಕೆ ಬಂದಿಲ್ಲ ನಾನು. ನಂಗೆ ಸಿಟ್ಟಿದೆ. ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರ್ಲಿ," ಎಂದ. "ಇರ್ಬೇಕಾದ್ದೇ."

"ಮೂರು ಸಲ ಕೇಳ್ದೆನಲ್ಲ, ಅಪ್ಪನ್ನ ಕಳ್ಸು ಅಂತ. ಯಾಕೋ ಕಳಿಸ್ಲಿಲ್ಲ?"

"ಶಿಕ್ಷೆ ಅನ್ಕೊಂಡಿದ್ದೆ. ನಂಗೆ ನಾನೇ ಹಾಕ್ಕೊಂಡಿದ್ದು."

"ನಿನ್ನ ಶಿಕ್ಷೇಲಿ ಅಪ್ಪನ್ನ ಯಾಕೆ ಸೇರಿಸ್ಕೊಂಡೆ?"

ಆ ಮಾತು ನೆಟ್ಟಗೆ ಅವನ ಎದೆಗೆ ಇಳಿಯಿತು, ನೋಯಿತು. ಆದರೆ ಅವನಿಗೇ ಆಶ್ಚರ್ಯವಾದದ್ದೆಂದರೆ, ಬಿದ್ದು ಹೋಗಲಿಲ್ಲ. ಒಂದು ವಾರದ ಹಿಂದಾಗಿದ್ದರೆ ಅವಳ ಕಾಲಿಗೆ ಬೀಳುತ್ತಿದ್ದ, ಇಲ್ಲವೇ ನೀನೇನು ಮಹಾ ಮಾಡಿದ್ದೀಯ ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಈಗ ಕುರ್ಚಿ ಎಳೆದು ಅವಳನ್ನು ಕೂರಿಸಿದ. ಅಪ್ಪ ಏನು ಮಾಡಿದಾಗ ತನಗೆ ತಲೆ ಕೆಡುತ್ತದೆ, ದಿನದ ಯಾವ ಹೊತ್ತು ಕಷ್ಟ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಅವಳು ಚೀಟಿಯ ಹಿಂದೆ ಬರೆದುಕೊಂಡಳು. ಆ ದಿನವೇ ಅಪ್ಪನನ್ನು ಕರೆದುಕೊಂಡು ಹೋದಳು, ಮೂರು ದಿನಕ್ಕೆ.

ಹೆಂಡತಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಸಂಜೆ ಹೇಳಿದ. ಅವಳು ಎದ್ದು ಹೋಗಿ ಬಚ್ಚಲ ಬಾಗಿಲಿನ ಹಗ್ಗ ಬಿಚ್ಚಿದಳು. ಟವೆಲನ್ನು ಮಡಚಿ ಅವನ ಮುಂದೆ ಇಟ್ಟಳು.

"ಹೊಡೆದದ್ದು ಕೇಳಿ ಹೊಟ್ಟೆ ಉರೀತು ರೀ. ಆದ್ರೆ ಬಾಗಿಲು ಅಂತ ಹೇಳಿದ್ರಲ್ಲ, ಅದು ನನಗೆ ಮಾಡಿದ್ದು."

ಎರಡು ವಾರ ಅವಳು ಬೇಕಾದಷ್ಟೇ ಮಾತಾಡಿದಳು. ಅವನು ಅವಳನ್ನು ಅವಸರಪಡಿಸಲಿಲ್ಲ. ಒಳಗಿನ ದನಿ ಹಳೆ ಚಾಳಿಯಂತೆ ಉಗಿಯಲು ಬಂದಾಗ, ಆಯ್ತು, ಕೇಳಿಸಿತು, ಎನ್ನುತ್ತಿದ್ದ. ಊಟದ ಹೊತ್ತಿಗೆ ಊಟ ಮಾಡುತ್ತಿದ್ದ. ಕೆಲವು ದಿನ ಆ ದನಿ ಅಷ್ಟಕ್ಕೆ ಸುಮ್ಮನಾಗುತ್ತಿತ್ತು. ಕೆಲವು ದಿನ ಏನು ಮಾಡಿದರೂ ಆಗದೆ, ಅಂಗಡಿಯಿಂದ ಮನೆಗೆ ನೇರ ದಾರಿ ಬಿಟ್ಟು ಊರು ಸುತ್ತಿ ಬರುತ್ತಿದ್ದ.

ಕೆಲಸ ಹಂಚಿದರು. ಬುಧವಾರದಿಂದ ಶುಕ್ರವಾರದವರೆಗೆ ಅಪ್ಪ ಅಕ್ಕನ ಮನೆಯಲ್ಲಿ. ಉಳಿದ ದಿನಗಳಲ್ಲಿ ಎರಡು ಬೆಳಗು ವೃದ್ಧರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರದಲ್ಲಿ. ಅಲ್ಲಿನ ಆಯಾ ದಪ್ಪಗಿನ ಹೆಂಗಸು, ಮಾತು ಸ್ವಲ್ಪ ಒರಟು. ಅಪ್ಪ ಹಠ ಹಿಡಿದಾಗ ಏನು ಮಾಡುತ್ತೀರಿ ಎಂದು ಅವಳು ಅವನನ್ನು ಕೇಳಿದಳು. ಒಪ್ಪಿಸುತ್ತೇನೆ ಎಂದ. ಅವಳು ನಕ್ಕಳು. "ಯಾಕ್ರೀ ಒಪ್ಪಿಸ್ತೀರ? ಹತ್ತು ನಿಮಿಷ ಆಚೆ ಹೋಗಿ ಬನ್ನಿ. ಅಷ್ಟೊತ್ತಿಗೆ ನೀವು ಅವರಿಗೆ ಹೊಸಬರು." ಮೂರು ವರ್ಷದಲ್ಲಿ ಅವನಿಗೆ ಇಷ್ಟು ಪ್ರಯೋಜನದ ಮಾತನ್ನು ಯಾರೂ ಹೇಳಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ ಅವನೂ.

ಕೆಲವು ತಿಂಗಳು ಕಳೆದವು. ಒಂದು ಶುಕ್ರವಾರ ಸಂಜೆ, ಅಂಗಡಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಅಪ್ಪನನ್ನು ಕರೆತರಲು ಅಕ್ಕನ ಮನೆಗೆ ಹೋದ. ಅಕ್ಕ ಬಾಗಿಲು ತೆರೆದಳು. ಜಡೆ ಬಿಚ್ಚಿಹೋಗಿತ್ತು, ಕಣ್ಣು ಕೆಂಪಗಿತ್ತು. ಅಪ್ಪ ಮೂಲೆಯ ಕುರ್ಚಿಯಲ್ಲಿ ಒದ್ದೆ ಅಂಗಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು.

"ಕಿರುಚಿಬಿಟ್ಟೆ ಕಣೋ," ಎಂದಳು. "ಬೀದಿಗೆಲ್ಲಾ ಕೇಳೋ ಹಾಗೆ. ಕೈ ಎತ್ತಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ನಿಂಗೆ ಅಷ್ಟು ಬುದ್ಧಿ ಹೇಳಿದವಳು."

ಅವನೊಳಗೆ ಒಂದು ಸಣ್ಣ ಸಂತೋಷ ತಲೆ ಎತ್ತಿತು, ಈಗ ಗೊತ್ತಾಯಿತೇ ಎನ್ನುವಂಥದ್ದು. ಅದನ್ನು ಕಂಡ. ಬಂದ ದಾರಿಯಲ್ಲೇ ಹೋಗಲಿ ಎಂದು ಬಿಟ್ಟ.

"ಚಪ್ಪಲಿ ಮೆಟ್ಕೋ," ಎಂದ. "ಒಂದ್ ಸುತ್ತು ಹೋಗಿ ಬಾ. ನಾನಿರ್ತೀನಿ."

"ಎಲ್ಲಿಗೆ ಹೋಗ್ಲಿ ಈ ಮುಖ ಹೊತ್ಕೊಂಡು?"

"ಕಾಲು ಹೋದ ಕಡೆ. ಮುಖದ ವಿಷಯ ಬಂದ್ಮೇಲೆ ನೋಡೋಣ."

ಅವಳು ಇನ್ನೂ ಏನೋ ಹೇಳಲು ಹೋಗಿ, ಬಿಟ್ಟು, ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದ. ಬೀದಿಯ ತಿರುವಿನಲ್ಲಿ ಅವಳು ಎಡಕ್ಕೋ ಬಲಕ್ಕೋ ತಿಳಿಯದೆ ನಿಂತಿದ್ದಳು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದ ಮೇಲೆ ಸರಿದು ಎಡಕ್ಕೆ ಹೋದಳು. ಅವನು ಉದ್ದಣ್ಣನಿಗೆ ಫೋನು ಮಾಡಿ ಅರ್ಧ ಗಂಟೆ ತಡವಾಗುತ್ತದೆ ಎಂದ. ಬೆಂಚಿನ ಮೇಲೆ ಮೂವರು ಕೂತಿದ್ದಾರೆ, ಅದರಲ್ಲಿ ಒಬ್ಬನಿಗೆ ನಾಳೆ ಮದುವೆ, ಎಂದು ಉದ್ದಣ್ಣ ಗೊಣಗಿದ. ಮದುಮಗನನ್ನು ಮೊದಲು ಕೂರಿಸು ಎಂದು ಹೇಳಿ ಫೋನಿಟ್ಟು, ಅವನು ಅಪ್ಪನ ಒದ್ದೆ ಅಂಗಿಯ ಗುಂಡಿ ಬಿಚ್ಚತೊಡಗಿದ.